ಯಕೃತ್ತು ದಣಿದವನಿಗೆ ಉಪವಾಸವೆ?

(ವರದಹಳ್ಳಿಯ ಶ್ರೀಧರಾಶ್ರಮದಲ್ಲಿ ಮಧ್ಯಾಹ್ನದ ಪ್ರಸಾದ ಮುಗಿದ ಬಳಿಕ ಮರದ ನೆರಳಿನಲ್ಲಿ ಕುಳಿತವರು ಇಬ್ಬರು. ಒಬ್ಬರು ಸಾಗರ ಸೀಮೆಯ ಅಡಕೆ ತೋಟದ ಗೃಹಸ್ಥರು. ಇನ್ನೊಬ್ಬ ಅವರ ತಂಗಿಯ ಮಗ, ವೃತ್ತಿಯಿಂದ ವೈದ್ಯ.)

ಮಾವ: ನಿನ್ನ ಸಣ್ಣ ಮಾವನ ಸಂಗತಿಯನ್ನು ಕೇಳಬೇಕೆಂದೇ ನಿನ್ನನ್ನು ಇಲ್ಲಿ ನಿಲ್ಲಿಸಿಕೊಂಡೆ. ಪಂಕ್ತಿಯಲ್ಲಿ ಕುಳಿತವನು ನಾಲ್ಕು ತುತ್ತು ಉಂಡು ಕೈಬಿಟ್ಟದ್ದನ್ನು ನೀನೂ ನೋಡಿದೆ. ಯಕೃತ್ತಿಗೆ ಸಿರೋಸಿಸ್ ತಗುಲಿದೆಯೆಂದು ದೊಡ್ಡಾಸ್ಪತ್ರೆಯವರು ಹೇಳಿ ಬಹುಕಾಲವಾಯಿತು. ಕಣ್ಣಿನಲ್ಲಿ ಹಳದಿಯಿಲ್ಲ, ಜ್ವರವಿಲ್ಲ, ನೋವೂ ಇಲ್ಲ; ಆದರೂ ಬೆಳಗ್ಗೆ ಎದ್ದವನು ತೋಟದ ದಣಪೆಯವರೆಗೆ ನಡೆಯುವಷ್ಟರಲ್ಲಿ ಬಸವಳಿದು ಕುಳಿತುಬಿಡುತ್ತಾನೆ; ತೋಳು ತೊಡೆಗಳು ಕರಗಿ ಹೊಟ್ಟೆಯೊಂದೇ ಎದ್ದು ಕಾಣುತ್ತದೆ. ಸಕ್ಕರೆ ಕಾಯಿಲೆಯ ವಿಚಾರವಂತೂ ಅರ್ಥವೇ ಆಗದು: ಮುಂಜಾನೆಯ ಪರೀಕ್ಷೆಯಲ್ಲಿ ಸಕ್ಕರೆ ಕಡಿಮೆ, ಅದೇ ದಿನ ಊಟವಾದ ಮೇಲೆ ನೋಡಿದರೆ ಮಿತಿಮೀರಿ ಹೆಚ್ಚು. ಇದರ ಮೇಲೆ ಪಕ್ಷಕ್ಕೊಂದು ಏಕಾದಶಿಯನ್ನು ನಿರಾಹಾರನಾಗಿ ಕಳೆಯುತ್ತಾನೆ. ಹೊಟ್ಟೆಗೆ ವಿಶ್ರಾಂತಿ ದೊರೆತರೆ ಯಕೃತ್ತಿಗೂ ವಿಶ್ರಾಂತಿಯೇ ಎಂಬುದು ಅವನ ವಾದ. ಆ ವಾದದಲ್ಲಿ ದೋಷವೇನೆಂಬುದು ನನಗೂ ಹೊಳೆಯುವುದಿಲ್ಲ.

ಅಳಿಯ: ಸಣ್ಣ ಮಾವನ ದೇಹಕ್ಕೆ ಇಂದು ಆಗುತ್ತಿರುವ ಹಾನಿಯಲ್ಲಿ ದೊಡ್ಡ ಪಾಲು ಆ ವಾದದ್ದೇ, ಮಾವ. ಉಪವಾಸದಲ್ಲಿ ಜಠರ ವಿಶ್ರಮಿಸಬಹುದು, ಕರುಳು ವಿಶ್ರಮಿಸಬಹುದು. ಯಕೃತ್ತಿಗೆ ಮಾತ್ರ ನಾವು ಉಣ್ಣುವುದನ್ನು ನಿಲ್ಲಿಸಿದ ಗಳಿಗೆಯಿಂದಲೇ ಅತಿ ಕಠಿಣವಾದ ಕೆಲಸ ಆರಂಭವಾಗುತ್ತದೆ.

ಮಾವ: ಅದು ಹೇಗೆ?

ಅಳಿಯ: ನಮ್ಮ ಮೈಯಲ್ಲಿ ಹರಿಯುವ ಸುಮಾರು 5 ಲೀಟರ್ ರಕ್ತದಲ್ಲಿ ಯಾವ ಕ್ಷಣದಲ್ಲಿಯೂ ಇರುವ ಗ್ಲೂಕೋಸ್, ಅಂದರೆ ಸಕ್ಕರೆ, ಕೇವಲ 4–5 ಗ್ರಾಂ, ಒಂದು ಚಮಚದಷ್ಟು ಎನ್ನಿ. ಮಿದುಳೊಂದೇ ದಿನಕ್ಕೆ 120 ಗ್ರಾಂನಷ್ಟು ಗ್ಲೂಕೋಸನ್ನು ಬೇಡುತ್ತದೆ. ಲೆಕ್ಕ ಹಾಕಿ ನೋಡಿ: ಹೊರಗಿನಿಂದ ಪೂರೈಕೆಯೇ ಇಲ್ಲದೆ ಹೋದರೆ ರಕ್ತದಲ್ಲಿರುವ ಅಷ್ಟೂ ಸಕ್ಕರೆ ಮಿದುಳಿಗೆ ಒಂದು ಗಂಟೆಗೂ ಸಾಲದು. ಹೀಗಿದ್ದರೂ ರಾತ್ರಿ ಎಂಟಕ್ಕೆ ಉಂಡು ಮಲಗಿದ ನೀವು ಬೆಳಗ್ಗೆ ಎಂಟಕ್ಕೆ ತೆಳ್ಳೇವಿಗೆ ಕೂರುವವರೆಗೆ ಮತಿ ಕದಡದೆ, ಬೆವರದೆ, ನಡುಗದೆ ಇರುವಿರಷ್ಟೆ? ಆ ಹನ್ನೆರಡು ಗಂಟೆಗಳ ಕಾಲ ಗಂಟೆಗೆ ಆರೇಳು ಗ್ರಾಂನಂತೆ ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತ ಕುಳಿತಿರುವುದು ಯಕೃತ್ತು.

ಮಾವ: ಇದು ಊಹೆಯೋ, ಕಂಡವರುಂಟೋ?

ಅಳಿಯ: ಕಂಡವರಿದ್ದಾರೆ, ಕಂಡ ಬಗೆಯೂ ಅತ್ಯಂತ ರಮ್ಯವಾದದ್ದು. ಫ್ರಾನ್ಸಿನ ಕ್ಲಾಡ್ ಬೆರ್ನಾರ್ ಎಂಬ ಶರೀರಶಾಸ್ತ್ರಜ್ಞನ ಕಾಲಕ್ಕೆ, ಪ್ರಾಣಿಗಳು ಸಕ್ಕರೆಯನ್ನು ತಿಂದು ಸುಡಬಲ್ಲವೇ ಹೊರತು ಸ್ವತಃ ನಿರ್ಮಿಸಲಾರವು, ನಿರ್ಮಾಣವೇನಿದ್ದರೂ ಸಸ್ಯಗಳ ಪಾಲಿನದು ಎಂಬ ನಂಬಿಕೆ ಬಲವಾಗಿತ್ತು. ಆತ 1848ರಲ್ಲಿ, ಬರೀ ಮಾಂಸವನ್ನು ತಿಂದ ನಾಯಿಯಲ್ಲಿ ಕೂಡ ಯಕೃತ್ತಿನಿಂದ ಹೊರಬೀಳುವ ರಕ್ತದಲ್ಲಿ ಸಕ್ಕರೆಯಿರುವುದನ್ನು ಕಂಡ. ಕೆಲವು ವರ್ಷಗಳ ಬಳಿಕ, ಆಗತಾನೆ ತೆಗೆದ ಯಕೃತ್ತಿನ ರಕ್ತನಾಳಗಳಲ್ಲಿ ನೀರನ್ನು ಹಾಯಿಸಿ, ಸಕ್ಕರೆಯ ಲವಲೇಶವೂ ಉಳಿಯದಂತೆ ತೊಳೆದು, ಹಾಗೆಯೇ ಇಟ್ಟು ಮರುದಿನ ಪರೀಕ್ಷಿಸಿದರೆ, ದೇಹದಿಂದ ಬೇರ್ಪಟ್ಟ ಆ ಅಂಗದೊಳಗೆ ಸಕ್ಕರೆ ಮತ್ತೆ ಹುಟ್ಟಿತ್ತು! ಆ ಸಕ್ಕರೆ ಹುಟ್ಟುವ ಮೂಲದ್ರವ್ಯವನ್ನು 1857ರಲ್ಲಿ ಬೇರ್ಪಡಿಸಿ ಅದಕ್ಕೆ ಗ್ಲೈಕೋಜನ್ ಎಂದು ಹೆಸರಿಟ್ಟ. ಅಮೆರಿಕದ ಮೇಯೊ ಚಿಕಿತ್ಸಾಲಯದ ಫ್ರಾಂಕ್ ಮ್ಯಾನ್ ಎಂಬವನು 1921ರಲ್ಲಿ ನಾಯಿಗಳ ಯಕೃತ್ತನ್ನು ತೆಗೆದು ನೋಡಿದ. ಕೆಲವೇ ಗಂಟೆಗಳಲ್ಲಿ ಅವು ನಿಸ್ತೇಜವಾಗಿ ಸಾಯುವ ಸ್ಥಿತಿಗೆ ಬಂದವು. ಗ್ಲೂಕೋಸ್ ಕೊಟ್ಟೊಡನೆ ಎದ್ದು ನಿಂತವು.

ಮಾವ: ಒಳ್ಳೆಯದು. ಆ ಗ್ಲೈಕೋಜನ್ ಎಷ್ಟು ಸಂಗ್ರಹವಾಗಿರುತ್ತದೆ?

ಅಳಿಯ: ಆರೋಗ್ಯವಂತನಲ್ಲಿ ಊಟದ ನಂತರ ಹೆಚ್ಚುಕಡಮೆ 100 ಗ್ರಾಂ. ಸ್ನಾಯುಗಳಲ್ಲಿ ಅದರ ಮೂರು ನಾಲ್ಕು ಪಾಲು ಇದೆಯಾದರೂ, ಅದನ್ನು ಗ್ಲೂಕೋಸಾಗಿ ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಸ್ನಾಯುವಿನಲ್ಲಿಲ್ಲ. ಸ್ನಾಯುವಿನದು ಸ್ನಾಯುವಿಗೇ ಮುಗಿಯಿತು. ಪರರಿಗಾಗಿ ಸಂಗ್ರಹಿಸಿ, ಪರರಿಗಾಗಿ ಬಿಡುವ ಮುಖ್ಯ ಅಂಗ ಯಕೃತ್ತೇ. ನಮ್ಮ ಲಿಂಗನಮಕ್ಕಿ ಜಲಾಶಯವನ್ನು ನೆನೆಯಿರಿ. ಮಳೆ ನಾಲ್ಕು ತಿಂಗಳು. ವಿದ್ಯುತ್ತು ಬೇಕಾದುದು ಹನ್ನೆರಡು ತಿಂಗಳು. ಆಷಾಢ ಶ್ರಾವಣಗಳಲ್ಲಿ ಶರಾವತಿಗೆ ಬರುವ ನೀರೆಲ್ಲವನ್ನೂ ತಡೆದು 1819 ಅಡಿಯ ಮಟ್ಟದವರೆಗೆ ನಿಲ್ಲಿಸಿಕೊಂಡು, ಬೇಸಗೆಯುದ್ದಕ್ಕೂ ಅಳೆದಳೆದು ಬಿಟ್ಟರಷ್ಟೇ ಕೆಳಗಿನ ಚಕ್ರಗಳು ತಿರುಗುತ್ತವೆ. ಊಟವೆಂದರೆ ಮಳೆಗಾಲ, ರಾತ್ರಿಯೆಂದರೆ ಬೇಸಗೆ.

ಮಾವ: ಸಿರೋಸಿಸ್ ಎಂದರೆ ಆ ಜಲಾಶಯದಲ್ಲಿ ಹೂಳು ತುಂಬಿತೆನ್ನು.

ಅಳಿಯ: ನೀವೇ ಹೇಳಿದಿರಿ. ವರ್ಷಗಟ್ಟಲೆ ಪೆಟ್ಟು ತಿಂದ ಯಕೃತ್ತು ಮಾಯುವಾಗಲೆಲ್ಲ ಗಾಯದ ನಾರನ್ನು ಬೆಳೆಸುತ್ತ ಹೋಗಿ, ಕೊನೆಗೆ ನಾರಿನ ಬಲೆಯ ನಡುವೆ ಜೀವಕೋಶಗಳು ಗಂಟುಗಂಟಾಗಿ ಸಿಕ್ಕಿಕೊಳ್ಳುತ್ತವೆ. ಇದರಿಂದ ಎರಡು ಕೇಡು. ಮೊದಲನೆಯದು, ಸಂಗ್ರಹದ ಸ್ಥಳ ಕಿರಿದಾಯಿತು; ಆದುದರಿಂದ ಬೆಳಗಿನ ಹೊತ್ತಿಗೆ ತಳ ಕಾಣುತ್ತದೆ. ಎರಡನೆಯದು, ಕರುಳಿನಿಂದ ಬರುವ ರಕ್ತಕ್ಕೆ ಆ ಗಟ್ಟಿಯಾದ ಅಂಗವನ್ನು ಹಾಯುವುದು ಕಷ್ಟವಾಗಿ ಅದು ಬಳಸುದಾರಿಗಳನ್ನು ಹಿಡಿಯುತ್ತದೆ. ಅಂದರೆ ಬಂದ ನೀರು ಜಲಾಶಯವನ್ನು ಹೊಗದೆಯೇ ನೇರವಾಗಿ ಕೆಳಗಿನ ಹೊಳೆಗೆ ನುಗ್ಗಿದಂತೆ. ಊಟದ ಸಕ್ಕರೆ ಹೀಗೆ ಯಕೃತ್ತನ್ನು ತಪ್ಪಿಸಿಕೊಂಡು ಮೈಯ ರಕ್ತಕ್ಕೆ ಸೇರುತ್ತದೆ. ಬೆಳಗ್ಗೆ ಕಡಿಮೆ, ಊಟದ ಮೇಲೆ ಹೆಚ್ಚು ಎಂದಿರಲ್ಲ, ಆ ವೈಚಿತ್ರ್ಯದ ಮೂಲ ಇದೇ. ಅಷ್ಟೇ ಅಲ್ಲ, ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ನಿನಲ್ಲಿ ಅರ್ಧದಷ್ಟನ್ನು ಯಕೃತ್ತು ಮೊದಲ ಹಾದಿಯಲ್ಲಿಯೇ ತಡೆದು ಕರಗಿಸುವುದು ಕ್ರಮ, ಅದೂ ಈಗ ತಪ್ಪಿ, ರಕ್ತದಲ್ಲಿ ಇನ್ಸುಲಿನ್ ಸದಾ ಹೆಚ್ಚಿ, ಸ್ನಾಯುಗಳು ಅದರ ಮಾತನ್ನು ಕೇಳುವುದನ್ನೇ ಬಿಡುತ್ತವೆ. ಸಣ್ಣ ಮಾವನ ಮೂರು ತಿಂಗಳ ಸಕ್ಕರೆ ಪರೀಕ್ಷೆ, ಎಚ್‌ಬಿಎ1ಸಿ, ಎಷ್ಟು ಬಂದಿತ್ತು?

ಮಾವ: ಉತ್ತಮವಾಗಿದೆಯೆಂದೇ ಹೇಳಿದರು.

ಅಳಿಯ: ಅದನ್ನು ಪೂರ್ಣವಾಗಿ ನಂಬಬೇಡಿ. ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆಂಬ ಆಧಾರದ ಮೇಲೆ ಆ ಪರೀಕ್ಷೆ ನಿಂತಿದೆ. ಸಿರೋಸಿಸ್ಸಿನಲ್ಲಿ ಗುಲ್ಮ ಹಿಗ್ಗಿ ಆ ಕಣಗಳನ್ನು ಅಕಾಲದಲ್ಲಿ ಕೆಡಹುವುದರಿಂದ, ಸಕ್ಕರೆ ಹತ್ತಿಕೊಳ್ಳಲು ಅವಕ್ಕೆ ಸಮಯವೇ ಸಿಗದೆ, ಫಲಿತಾಂಶ ನಿಜಕ್ಕಿಂತ ಕಡಿಮೆ ಬರಬಹುದು. ಇಂಥವರಿಗೆ ಬೆರಳು ಚುಚ್ಚಿ ದಿನದ ಬೇರೆಬೇರೆ ಹೊತ್ತಿನಲ್ಲಿ ನೋಡುವುದೇ ಲೇಸು.

ಮಾವ: ಎಸ್‌ಜಿಪಿಟಿ ಎಂಬುದು ಕೂಡ ಈ ಬಾರಿ ಸರಿಯಿದೆಯೆಂದು ಬಂದಿತ್ತು. ಅದನ್ನು ನೋಡಿಯೇ ನಾವು ನಿಶ್ಚಿಂತರಾದದ್ದು.

ಅಳಿಯ: ಎಸ್‌ಜಿಪಿಟಿ ಎಂಬ ಕಿಣ್ವ ಹೇಳುವುದು ಇಂದು ಎಷ್ಟು ಯಕೃತ್ಕೋಶಗಳು ಒಡೆಯುತ್ತಿವೆ ಎಂಬುದನ್ನು, ಉಳಿದವು ಎಷ್ಟು ದುಡಿಯಬಲ್ಲವು ಎಂಬುದನ್ನಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ, 2019ರಲ್ಲಿ ನಮ್ಮ ತಾಲೂಕಿನ ಅರಳಗೋಡಿನ ಸುತ್ತ ಜನರನ್ನು ಕಾಡಿದ ಮಂಗನ ಕಾಯಿಲೆಯಲ್ಲಿಯೂ ಈ ಕಿಣ್ವ ರಕ್ತದಲ್ಲಿ ಏರುತ್ತದೆ. ಆದರೆ ಆ ರೋಗಿ ಬದುಕಿಕೊಂಡರೆ ಯಕೃತ್ತು ಪುನಃ ತುಂಬಿಕೊಳ್ಳುತ್ತದೆ. ಸಿರೋಸಿಸ್ಸಿನಲ್ಲಿ ಒಡೆಯಲು ಉಳಿದ ಕೋಶಗಳೇ ಕಡಿಮೆಯಾಗಿ, ಕಾಗದದ ಮೇಲಿನ ಅಂಕಿ ಸೌಮ್ಯವಾಗಿ ಕಾಣುವುದುಂಟು. ಆಲ್ಬುಮಿನ್, ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಕಾಲ, ಇವನ್ನು ನೋಡಿ; ತೋಳಿನ ಸುತ್ತಳತೆಯನ್ನೂ ನೋಡಿ.

ಮಾವ: ಅಲ್ಲಿಗೇ ಬರೋಣ. ತೋಳು ಕರಗುವುದಕ್ಕೂ ಯಕೃತ್ತಿಗೂ ಏನು ನಂಟು? ಅವನಿಗೆ ಅನ್ನದ ಬಡತನವೇನೂ ಇಲ್ಲವಲ್ಲ.

ಅಳಿಯ: ಮೂಲ ಪ್ರಶ್ನೆ ಇದೇ, ಮಾವ. ಗ್ಲೈಕೋಜನ್ ಬರಿದಾದ ಮೇಲೂ ಮಿದುಳು ತನ್ನ ಬೇಡಿಕೆಯನ್ನು ಬಿಡುವುದಿಲ್ಲ. ಕೆಂಪು ರಕ್ತಕಣಗಳಂತೂ ಗ್ಲೂಕೋಸನ್ನಲ್ಲದೆ ಬೇರೆ ಯಾವುದನ್ನೂ ಶಕ್ತಿಗಾಗಿ ಬಳಸಲಾರವು, ಏಕೆಂದರೆ ಆಮ್ಲಜನಕವನ್ನು ಲೋಕಕ್ಕೆಲ್ಲ ಹೊತ್ತು ತಿರುಗುವ ಅವುಗಳಲ್ಲಿ ಅದನ್ನು ತಮಗಾಗಿ ಉರಿಸುವ ಮೈಟೋಕಾಂಡ್ರಿಯ ಇಲ್ಲ. ಅವು ಗ್ಲೂಕೋಸನ್ನು ಅರ್ಧಕ್ಕೆ ಮುರಿದು ಲ್ಯಾಕ್ಟಿಕ್ ಆಮ್ಲವಾಗಿ ಬಿಸುಡುತ್ತವೆ. ಯಕೃತ್ತು ಅದನ್ನು ಎತ್ತಿಕೊಂಡು, ತನ್ನ ಶಕ್ತಿಯನ್ನು ವ್ಯಯಿಸಿ, ಮರಳಿ ಗ್ಲೂಕೋಸಾಗಿ ಕಟ್ಟಿಕೊಡುತ್ತದೆ. ಕಾರ್ಲ್ ಕೋರಿ, ಗರ್ಟಿ ಕೋರಿ ಎಂಬ ದಂಪತಿಗಳು ಈ ಚಕ್ರವನ್ನು ವಿವರಿಸಿದರು. ಗ್ಲೈಕೋಜನ್ನಿನ ಪರಿವರ್ತನೆಯನ್ನು ಕುರಿತ ಸಂಶೋಧನೆಗಾಗಿ ಅವರಿಗೆ 1947ರ ನೊಬೆಲ್ ಪ್ರಶಸ್ತಿ ಸಂದಿತು. ಯಕೃತ್ತು ಹಠಾತ್ತಾಗಿ ಸೋತಾಗ, ಇಲಿ ಪಾಷಾಣ ನುಂಗಿದವರಲ್ಲಿ ನಾವು ಕಾಣುವಂತೆ, ಈ ಆಮ್ಲ ರಕ್ತದಲ್ಲಿ ಏರುತ್ತ, ಸಕ್ಕರೆ ಇಳಿಯುತ್ತ ಹೋಗುವುದು ಪ್ರಾಣಾಪಾಯದ ಸೂಚನೆ.

ಹಳೆಯ ಸಿರೋಸಿಸ್ಸಿನ ಕಥೆ ಅಷ್ಟು ಬೇಗ ಮುಗಿಯುವುದಿಲ್ಲ. ಅಲ್ಲಿ ದೇಹ ಮಧ್ಯರಾತ್ರಿ ಕಳೆಯುವಷ್ಟರಲ್ಲಿಯೇ ಕೊಬ್ಬನ್ನು ಉರಿಸತೊಡಗುತ್ತದೆ. ಕೊಬ್ಬಿನ ಆಮ್ಲಗಳಿಂದ ಗ್ಲೂಕೋಸ್ ಹುಟ್ಟುವುದಿಲ್ಲವಾದುದರಿಂದ, ಗ್ಲೂಕೋಸಿಗಾಗಿ ಸ್ನಾಯುವನ್ನು ಒಡೆದು ಅಮೈನೋ ಆಮ್ಲಗಳನ್ನು ರಕ್ತಕ್ಕೆ ಬಿಡುತ್ತದೆ. 1983ರಲ್ಲಿ ಅಮೆರಿಕದ ಓವೆನ್ ಮತ್ತು ಅವರ ಸಂಗಡಿಗರು ಸಿರೋಸಿಸ್ ರೋಗಿಗಳು ಒಳಗೆಳೆದುಕೊಂಡ ಆಮ್ಲಜನಕವನ್ನೂ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಅಳೆದು, ದೇಹ ಏನನ್ನು ಉರಿಸುತ್ತಿದೆಯೆಂದು ಅದರಿಂದ ತಿಳಿದು, ಒಂದು ರಾತ್ರಿ ಉಣ್ಣದ ಈ ರೋಗಿಯ ದೇಹ ಎರಡು ಮೂರು ದಿನ ಉಪವಾಸವಿದ್ದ ಆರೋಗ್ಯವಂತನ ದೇಹದ ಸ್ಥಿತಿಗೆ ತಲುಪಿರುತ್ತದೆಂಬುದನ್ನು ತೋರಿಸಿದರು.

ಮಾವ: ಒಂದೇ ರಾತ್ರಿಗೆ ಮೂರು ದಿನದ ಉಪವಾಸವೆ!

ಅಳಿಯ: ಪ್ರತಿ ರಾತ್ರಿಯೂ. ಸಣ್ಣ ಮಾವ ನಿತ್ಯ ಮಾಡುತ್ತಿರುವುದು ಅದು. ಅದರ ಮೇಲೆ ಏಕಾದಶಿ. ದಶಮಿಯ ರಾತ್ರಿ ಉಂಡವರು ದ್ವಾದಶಿಯ ಪಾರಣೆಯವರೆಗೆ ಮೂವತ್ತಾರು ಗಂಟೆ ನಿರಾಹಾರವಿದ್ದರೆ ಅವರ ಸ್ನಾಯುವಿಗೆ ಏನಾಗುತ್ತಿರಬಹುದೆಂದು ನೀವೇ ಯೋಚಿಸಿ. ಇನ್ನೊಂದು ವ್ಯಥೆಯಿದೆ. ಪ್ರೋಟೀನು ಒಡೆದಾಗ ಅಮೋನಿಯ ಹುಟ್ಟುತ್ತದೆ. ಅದನ್ನು ಯೂರಿಯವಾಗಿ ಮಾರ್ಪಡಿಸಿ ನಿರಪಾಯಗೊಳಿಸುವುದು ಯಕೃತ್ತು. ಆ ಅಂಗ ಸೋತಾಗ ಅಮೋನಿಯವನ್ನು ಹಿಡಿದಿಟ್ಟು ಮಿದುಳನ್ನು ಕಾಯಬಲ್ಲ ಇನ್ನೊಂದು ಅಂಗ ಸ್ನಾಯುವೇ. ಉಪವಾಸದಿಂದ ಯಾವುದು ಕರಗುತ್ತಿದೆಯೋ ಅದೇ ಅವರ ಎರಡನೆಯ ರಕ್ಷಣೆ. ತೊಡೆ ಕರಗಿದ ರೋಗಿಯೇ ಮುಂದೆ ಹಗಲಿನಲ್ಲಿ ತೂಕಡಿಸಿ, ರಾತ್ರಿ ಎಚ್ಚರವಿದ್ದು, ಮನೆಯವರ ಗುರುತು ಮರೆಯುವ ಸ್ಥಿತಿಗೆ ಬೇಗ ಬರುವವನು.

ಮಾವ: ಹಾಗಾದರೆ ಬೇಳೆಕಾಳು ಕೊಡಬೇಡಿರಿ, ಪ್ರೋಟೀನು ಮಿದುಳಿಗೆ ಏರುತ್ತದೆಂದು ನಮಗೆ ಒಬ್ಬರು ಹೇಳಿದ್ದರು. ನಾವೂ ಗಂಜಿ ಮಜ್ಜಿಗೆಗೆ ಇಳಿಸಿದ್ದೇವೆ. ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿಯನ್ನು ಅರೆದು ಕೊಟ್ಟು ಸಪ್ಪೆಯ ಪಥ್ಯ ಮಾಡಿಸುವುದು ಅಜ್ಜನ ಕಾಲದ ಪದ್ಧತಿಯಷ್ಟೆ.

ಅಳಿಯ: ಪ್ರೋಟೀನು ಬೇಡವೆಂಬುದು ವೈದ್ಯರೇ ಬಹುಕಾಲ ಹೇಳುತ್ತ ಬಂದ ಮಾತು. 2004ರಲ್ಲಿ ಬಾರ್ಸಿಲೋನದ ವೈದ್ಯರು, ಮತಿ ಮಸುಕಾದ ರೋಗಿಗಳಲ್ಲಿಯೂ ಸಾಮಾನ್ಯ ಪ್ರಮಾಣದ ಪ್ರೋಟೀನಿನಿಂದ ಕೇಡಿಲ್ಲ, ಅದನ್ನು ಕಡಿತಗೊಳಿಸಿದರೆ ದೇಹದ ಪ್ರೋಟೀನು ಇನ್ನಷ್ಟು ಒಡೆಯುತ್ತದೆಂಬುದನ್ನು ತೋರಿಸಿದ ಮೇಲೆ ಆ ಮಾತು ಬಿದ್ದುಹೋಯಿತು. ಈಗಿನ ವಿಧಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ. 60 ಕಿಲೋ ತೂಕದವರಿಗೆ 72ರಿಂದ 90 ಗ್ರಾಂ ಆಯಿತು. ಗಂಜಿ ಮಜ್ಜಿಗೆಯಲ್ಲಿ ಅದರ ಕಾಲುಭಾಗವೂ ಸಿಗದು. ಹೆಸರುಬೇಳೆ, ತೊಗರಿ, ಕಡಲೆ, ಹಾಲು, ಗಟ್ಟಿ ಮೊಸರು ಎಲ್ಲವೂ ಬೇಕು. ಕಾಳುಗಳ ಪ್ರೋಟೀನನ್ನು ಈ ರೋಗಿಗಳು ಚೆನ್ನಾಗಿ ತಾಳಿಕೊಳ್ಳುತ್ತಾರೆ. ಉಪ್ಪಿನ ವಿಷಯದಲ್ಲಿ ಮಾತ್ರ ನಿಮ್ಮ ಪಥ್ಯ ಒಳ್ಳೆಯದು: ಹೊಟ್ಟೆಯಲ್ಲಿ ನೀರು ತುಂಬುವವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ವರ್ಜ್ಯ. ನೆಲನೆಲ್ಲಿಯ ಬಗ್ಗೆ ನನಗೆ ತಾತ್ಸಾರವಿಲ್ಲ. ಹೆಪಟೈಟಿಸ್ ಬಿ ರೋಗದಲ್ಲಿ ಅದರಿಂದ ಗುಣ ಕಂಡಿತೆಂದು 1988ರಲ್ಲಿ ಮದರಾಸಿನ ಸಂಶೋಧಕರು ಬರೆದರು. ಬೇರೆಡೆ ನಡೆದ ಮುಂದಿನ ಪ್ರಯೋಗಗಳಲ್ಲಿ ಆ ಗುಣ ಕಾಣಲಿಲ್ಲ. ತಾನಾಗಿ ಗುಣವಾಗುವ ಕಾಮಾಲೆ ಬೇರೆ, ನಾರುಗಟ್ಟಿದ ಯಕೃತ್ತು ಬೇರೆ. ಅಮೃತಬಳ್ಳಿಯ ಕಷಾಯವನ್ನು ಕೊಡುತ್ತಿದ್ದರೆ ಅದನ್ನು ಮಾತ್ರ ನಿಲ್ಲಿಸಿ. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ್ದಾರೆ. ಕಾಮಾಲೆಗೆಂದು ಬರೆ ಹಾಕಿಸುವುದನ್ನಂತೂ ನಾನು ಕ್ಷಮಿಸಲಾರೆ.

ಮಾವ: ಒಂದು ತೊಟ್ಟು ಸುರೆಯನ್ನು ಮುಟ್ಟದವನಿಗೆ ಇದು ಬಂದದ್ದಾದರೂ ಏಕೆ? ಊರಿನಲ್ಲಿ ಕೆಲವರು ಆಡುವ ಮಾತು ಅವನ ಹೆಂಡತಿಯ ಕಿವಿಗೆ ಬಿದ್ದು ಆಕೆ ಅತ್ತದ್ದುಂಟು.

ಅಳಿಯ: ಸುರೆ ದೊಡ್ಡ ಕಾರಣ, ಏಕೈಕ ಕಾರಣವಲ್ಲ. ಹೆಪಟೈಟಿಸ್ ಬಿ, ಸಿ ವೈರಸ್‌ಗಳಿಂದ ಬರುತ್ತದೆ; ಸಕ್ಕರೆ ಕಾಯಿಲೆಯೂ ಹೊಟ್ಟೆಯ ಬೊಜ್ಜೂ ಸೇರಿ ಯಕೃತ್ತಿನಲ್ಲಿ ಕೊಬ್ಬು ತುಂಬಿ ವರ್ಷಗಳಾದ ಮೇಲೆ ಬರುತ್ತದೆ. ಸಣ್ಣ ಮಾವನದು ಈ ಕೊನೆಯ ಬಗೆ. ಊರಿನವರಿಗೆ ಇದನ್ನು ನೀವೇ ಗಟ್ಟಿಯಾಗಿ ಹೇಳಿ. ರೋಗದ ಭಾರಕ್ಕೆ ಅಪವಾದದ ಭಾರವನ್ನು ಸೇರಿಸುವುದು ಅನ್ಯಾಯ.

ಮಾವ: ಹೇಳುತ್ತೇನೆ. ಇನ್ನು ಊಟದ ಕ್ರಮ?

ಅಳಿಯ: ಹಗಲಿನಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಎಲ್ಲಕ್ಕಿಂತ ಮುಖ್ಯ, ಮಲಗುವ ಮುನ್ನ ಒಂದು ಫಲಾಹಾರ, 50 ಗ್ರಾಂನಷ್ಟು ಪಿಷ್ಟವಿರುವಂಥದು: ಒಂದು ದೊಡ್ಡ ಬಟ್ಟಲು ಅವಲಕ್ಕಿಗೆ ಹಾಲು, ಇಲ್ಲವೆ ರಾಗಿಯ ಗಂಜಿಗೆ ಹಾಲು. ಸಕ್ಕರೆ ಬೆಲ್ಲ ಬೇಡ. ನ್ಯೂಜಿಲೆಂಡಿನ ಆಕ್‌ಲೆಂಡಿನಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು: ಒಂದೇ ಪ್ರಮಾಣದ ಪೂರಕ ಆಹಾರವನ್ನು ಕೆಲವು ಸಿರೋಸಿಸ್ ರೋಗಿಗಳಿಗೆ ಹಗಲಿನಲ್ಲಿ, ಕೆಲವರಿಗೆ ರಾತ್ರಿ ಮಲಗುವ ಹೊತ್ತಿಗೆ ಒಂದು ವರ್ಷ ಕೊಟ್ಟರು. ಹಗಲಿನಲ್ಲಿ ತಿಂದವರ ಮೈಯಲ್ಲಿ ಪ್ರೋಟೀನು ಕೂಡಲಿಲ್ಲ. ರಾತ್ರಿ ತಿಂದವರಲ್ಲಿ ಸುಮಾರು 2 ಕಿಲೋ ಕೊಬ್ಬಿಲ್ಲದ ಅಂಗಾಂಶಕ್ಕೆ ಸಮನಾದಷ್ಟು ಕೂಡಿತು. ಅನ್ನ ಅದೇ, ಹೊತ್ತು ಬೇರೆ. ಬೆಳ್ಳಿಯಷ್ಟು ಬೆಲೆಯ ಔಷಧಗಳನ್ನು ಬರೆಯುವ ನಾವು ಈ ಒಂದು ಬಟ್ಟಲಿನ ಮಾತನ್ನು ರೋಗಿಗೆ ಹೇಳದೆ ಕಳುಹಿಸುವುದನ್ನು ನೆನೆದರೆ ನನಗೆ ದುಃಖವಾಗುತ್ತದೆ.

ಮಾವ: ಏಕಾದಶಿಯನ್ನು ಬಿಡು ಎಂದರೆ ಅವನು ಕೇಳುವವನಲ್ಲ. 1973ರಲ್ಲಿ ಇಲ್ಲಿಯೇ ದೇಹವಿಟ್ಟ ಶ್ರೀಧರ ಸ್ವಾಮಿಗಳ ತಪಸ್ಸಿನ ಮಾತುಗಳನ್ನು ತಂದೆಯ ಬಾಯಿಂದ ಕೇಳುತ್ತ ಬೆಳೆದವರು ನಾವು. ವ್ರತಭಂಗವೆಂದರೆ ಅವನಿಗೆ ಕಾಯಿಲೆಗಿಂತ ಹೆಚ್ಚಿನ ಭಯ.

ಅಳಿಯ: ಆ ಶ್ರದ್ಧೆಯನ್ನು ಕದಲಿಸುವ ಇಚ್ಛೆ ನನಗಿಲ್ಲ. ಆದರೆ ಬಾಲರಿಗೂ ವೃದ್ಧರಿಗೂ ವ್ಯಾಧಿಗ್ರಸ್ತರಿಗೂ ಉಪವಾಸದಿಂದ ವಿನಾಯಿತಿ ಕೊಟ್ಟದ್ದು ಧರ್ಮಶಾಸ್ತ್ರವೇ ಅಲ್ಲವೆ? ಈ ಸ್ಥಳದಲ್ಲಿಯೂ ಬಂದವರನ್ನು ಪಂಕ್ತಿಯಲ್ಲಿ ಕೂರಿಸಿ ಉಣಬಡಿಸುತ್ತಾರೆ.

ಮಾವ: ಕೊಟ್ಟಿದೆ, ಅಶಕ್ತನ ವ್ರತವನ್ನು ಪ್ರತಿನಿಧಿಯಾಗಿ ಬಂಧುಗಳು ಆಚರಿಸುವುದಕ್ಕೂ ಅವಕಾಶವಿದೆ. ನನಗಂತೂ ದೇಹ ಗಟ್ಟಿಯಾಗಿದೆ. ಇನ್ನು ಮುಂದೆ ಅವನ ಏಕಾದಶಿಯನ್ನು ಅವನ ಹೆಸರಿನಲ್ಲಿ ನಾನು ಮಾಡುತ್ತೇನೆ, ಅವನು ಉಣ್ಣಲಿ. ಅಣ್ಣನ ಮಾತೆಂದರೆ ಒಪ್ಪಿಯಾನು. ಊರಿಗೆ ನೀನು ಡಾಕ್ಟರಾದರೂ ನನಗೆ ಮಾಣಿಯೇ. ಆದರೂ ಇಂದು ನೀನು ಹೇಳಿದಂತೆ ನಡೆಯುತ್ತೇನೆ.

ಅಳಿಯ: ಹಾಗಿದ್ದರೆ ಇಂದಿನಿಂದಲೇ ಆಗಲಿ. ರಾತ್ರಿ ಮಲಗುವ ಮುನ್ನ ಅವಲಕ್ಕಿ ಹಾಲು, ಬೆಳಗ್ಗೆ ಎದ್ದೊಡನೆ ತಿಂಡಿ. ನಡುವಿನ ಅಂತರ ಹತ್ತು ಗಂಟೆಯನ್ನು ಮೀರಬಾರದು. ಸಕ್ಕರೆಯ ಮಾತ್ರೆಯೋ ಇನ್ಸುಲಿನ್ನೋ ನಡೆಯುತ್ತಿದ್ದರೆ ಪ್ರಮಾಣವನ್ನು ಅವರ ವೈದ್ಯರಿಂದ ಮತ್ತೊಮ್ಮೆ ಕೇಳಿಕೊಳ್ಳಿ, ಏಕೆಂದರೆ ಬರಿದಾದ ಯಕೃತ್ತಿನವರಿಗೆ ನಡುರಾತ್ರಿಯಲ್ಲಿ ಸಕ್ಕರೆ ಕುಸಿಯುವುದು ಸುಲಭ. ಕೈ ನಡುಗಿದರೆ, ಮಾತು ತೊದಲಿದರೆ, ಮಲ ಕಪ್ಪಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನು ಈ ಸೀಮೆಯಲ್ಲಿ ಸಿರೋಸಿಸ್ ಇರುವವರ ಮನೆ ಯಾವುದಾದರೂ ನಿಮಗೆ ತಿಳಿದಿದ್ದರೆ, ದಯವಿಟ್ಟು ಆ ಮನೆಗೂ ಹೋಗಿ, ರಾತ್ರಿ ಅವರನ್ನು ಬರಿಹೊಟ್ಟೆಯಲ್ಲಿ ಮಲಗಿಸಬೇಡಿರೆಂದು ಹೇಳಿ ಬನ್ನಿ.